ಟಿ.ವಿ.ಯಲ್ಲಿ ಮಹಿಳೆ: ಮುಖ ಎಣಿಸಿದರೆ ಸಾಲದು

ಮಾನ್ಯ ಸಂಪಾದಕರೇ,

ಟಿ.ವಿ.ಯಲ್ಲಿ ಮಹಿಳೆಯರ ಚಿತ್ರಣದ ಮಾತು ಬಂದಾಗಲೆಲ್ಲ ಧಾರಾವಾಹಿ, ಜಾಹೀರಾತುಗಳನ್ನು ದೂರುವುದರಲ್ಲೇ ಚರ್ಚೆ ಮುಗಿದುಹೋಗುತ್ತದೆ. ಸುದ್ದಿಯತ್ತ ಯಾರ ಗಮನವೂ ಹೋಗುವುದಿಲ್ಲ. ನಿರೂಪಕಿ ಇದ್ದಾರೆ, ವರದಿಗಾರ್ತಿ ಇದ್ದಾರೆ, ಇನ್ನೇನು ಬೇಕು ಎನ್ನುವವರೇ ಹೆಚ್ಚು. ಆದರೆ ಸುದ್ದಿ ಓದುವವರು ಬೇರೆ, ಸುದ್ದಿಯೊಳಗೆ ಮಾತಾಡುವವರು ಬೇರೆ.

ಐದು ವರ್ಷಕ್ಕೊಮ್ಮೆ ಒಂದು ದಿನ ಗೊತ್ತುಮಾಡಿ ಹಲವು ದೇಶಗಳ ಸುದ್ದಿಯನ್ನು ಎಣಿಸುವ ‘ಗ್ಲೋಬಲ್ ಮೀಡಿಯಾ ಮಾನಿಟರಿಂಗ್ ಪ್ರಾಜೆಕ್ಟ್’ 1995ರಲ್ಲಿ ಮೊದಲ ಎಣಿಕೆ ನಡೆಸಿತು. ಪತ್ರಿಕೆ, ರೇಡಿಯೊ, ಟಿ.ವಿ. ಸೇರಿ ಸುದ್ದಿಯಲ್ಲಿ ಕಾಣಿಸಿಕೊಂಡವರು, ಮಾತಾಡಿದವರು, ಪ್ರಸ್ತಾಪಗೊಂಡವರ ಪೈಕಿ ಮಹಿಳೆಯರು ಆಗ ಶೇ 17. 2020ರಲ್ಲಿ ಶೇ 25. ಕಾಲು ಶತಮಾನದಲ್ಲಿ ಏರಿದ್ದು ಎಂಟೇ ಅಂಶ!

ಈ ಎಣಿಕೆಯನ್ನು ಯಾರು ಬೇಕಾದರೂ ಮಾಡಬಹುದು. ಒಂದು ಗಂಟೆಯ ಸುದ್ದಿ ಅಥವಾ ಚರ್ಚೆಯನ್ನು ಆರಿಸಿಕೊಂಡು, ಹಾಳೆಯಲ್ಲಿ ನಾಲ್ಕು ಕಾಲಂ ಎಳೆಯಿರಿ: ಮಾತಾಡಿದವರು ಹೆಣ್ಣೋ ಗಂಡೋ, ಎಷ್ಟು ಸೆಕೆಂಡು, ಯಾವ ಹೊಣೆಯಲ್ಲಿ (ತಜ್ಞರು, ವಕ್ತಾರರು, ಪ್ರತ್ಯಕ್ಷದರ್ಶಿ, ಸಂತ್ರಸ್ತರು), ಪರದೆಯ ಕೆಳಗಿನ ಹೆಸರಿನ ಪಟ್ಟಿಯಲ್ಲಿ ಏನು ಬರೆದಿತ್ತು. ನಿರೂಪಕರನ್ನು ಇದರಲ್ಲಿ ಸೇರಿಸಬಾರದು. ಲೆಕ್ಕ ದಾರಿ ತಪ್ಪುವುದೇ ಅಲ್ಲಿ. ಸೆಕೆಂಡು ಬಿಟ್ಟು ಬರೀ ತಲೆ ಎಣಿಸಿದರೂ ತಪ್ಪುತ್ತದೆ: ಆರು ಸೆಕೆಂಡಿನ ಬೈಟ್ (ಮಾತಿನ ತುಣುಕು) ಕೊಟ್ಟ ಮಹಿಳೆ, ನಾಲ್ಕು ನಿಮಿಷ ಮಾತಾಡಿದ ಪುರುಷ ಇಬ್ಬರೂ ‘ಒಂದೊಂದು’ ಆಗಿಬಿಡುತ್ತಾರೆ. ಒಂದೇ ಕಾರ್ಯಕ್ರಮ ಎಣಿಸುವಾಗ ಒಂದು ದಿನದ ಲೆಕ್ಕವನ್ನೂ ನಂಬಬೇಡಿ. ಒಂದು ದೊಡ್ಡ ಘಟನೆ ಸಾಕು, ಅಂಕಿ ಅಡಿಮೇಲಾಗುತ್ತದೆ. ಅದೇ ಹೊತ್ತಿನ ಕಾರ್ಯಕ್ರಮವನ್ನು ಕನಿಷ್ಠ ಒಂದು ವಾರ ನೋಡಬೇಕು.

ನಾಲ್ಕನೇ ಕಾಲಂ ತುಂಬಿದಾಗ ಮನಸ್ಸು ನೋಯುತ್ತದೆ. ಪುರುಷನಿಗೆ ‘ಆರ್ಥಿಕ ತಜ್ಞ’, ಮಹಿಳೆಗೆ ‘ಗೃಹಿಣಿ’ ಅಥವಾ ‘ಮೃತನ ಪತ್ನಿ’. ಎಷ್ಟೋ ಸಲ ಆಕೆಯ ಹೆಸರೇ ಇರುವುದಿಲ್ಲ. ನಮ್ಮ ಕನ್ನಡದಲ್ಲಂತೂ ಕ್ರಿಯಾಪದವೇ ಎಲ್ಲವನ್ನೂ ಹೇಳಿಬಿಡುತ್ತದೆ. ಒಂದೇ ಸುದ್ದಿಯಲ್ಲಿ ಅಧಿಕಾರಿ ‘ಹೇಳಿದರು’, ದೂರು ಕೊಟ್ಟ ಹೆಣ್ಣುಮಗಳು ‘ಹೇಳಿದಳು’. ಜಾಗ ಸಾಲದು ಎಂಬ ಸಬೂಬು ನಡೆಯದು, ಎರಡರಲ್ಲೂ ಇರುವುದು ನಾಲ್ಕೇ ಅಕ್ಷರ. ಕ್ಯಾಮೆರಾದ ಕಥೆಯೂ ಇಷ್ಟೇ. ಮಾತಾಡುವ ಪುರುಷನನ್ನು ಎದೆಮಟ್ಟದ ಚೌಕಟ್ಟಿನಲ್ಲಿ ಸ್ಥಿರವಾಗಿ ತೋರಿಸುತ್ತಾರೆ. ಅಳುವ ಮಹಿಳೆಯ ಕಣ್ಣಿಗೆ ಜೂಮ್ ಹೋಗುತ್ತದೆ, ಆ ದೃಶ್ಯ ನಿಧಾನಗತಿಯಲ್ಲಿ, ಸಂಗೀತದೊಂದಿಗೆ ದಿನವಿಡೀ ಸುತ್ತುತ್ತದೆ. ಸಂತ್ರಸ್ತೆಯ ಮುಖ ಮಸುಕು ಮಾಡಿ ದನಿ, ಬಟ್ಟೆ, ಮನೆಬಾಗಿಲನ್ನು ಹಾಗೇ ಬಿಟ್ಟರೆ ಗುರುತು ಮುಚ್ಚಿದಂತಾಗುವುದಿಲ್ಲ, ನೆರೆಹೊರೆಯವರಿಗೆ ಅಷ್ಟೇ ಸಾಕು.

ತಜ್ಞರ ಕುರ್ಚಿಯಲ್ಲಿ ಪುರುಷರೇ ತುಂಬಿಕೊಳ್ಳಲು ದುರುದ್ದೇಶವೇ ಬೇಕಿಲ್ಲ, ಅವಸರ ಸಾಕು. ಚರ್ಚೆಗೆ ಒಂದೆರಡು ಗಂಟೆ ಇರುವಾಗ ಫೋನ್ ಹೋಗುವುದು ನಿನ್ನೆ ಬಂದವರಿಗೇ. ಮಹಿಳೆಯೊಬ್ಬರು ರಾತ್ರಿಯ ಹೊತ್ತೆಂದು ಒಮ್ಮೆ ಒಲ್ಲೆ ಎಂದರೆ ಅವರ ಹೆಸರು ಪಟ್ಟಿಯಿಂದಲೇ ಹೋಯಿತು. ಹೆಸರು ಅಳಿಸುವ ಬದಲು ಬೆಳಿಗ್ಗೆಯೇ ಪ್ರಶ್ನೆ ಕಳಿಸಬಹುದು, ಸಂಜೆಯೊಳಗೆ ಮಾತು ರೆಕಾರ್ಡ್ ಮಾಡಿಕೊಳ್ಳಬಹುದು. ವಿಷಯಕ್ಕೆ ಇಬ್ಬರಂತೆ ಮಹಿಳಾ ತಜ್ಞರ ಹೆಸರನ್ನು ಮೊದಲೇ ಬರೆದಿಟ್ಟುಕೊಳ್ಳುವುದೂ ಕಷ್ಟವಲ್ಲ.

ಇದು ಆಗುವ ಕೆಲಸವೇ. ಬಿಬಿಸಿಯ ‘ಔಟ್‌ಸೈಡ್ ಸೋರ್ಸ್’ ಸುದ್ದಿ ಕಾರ್ಯಕ್ರಮದ ತಂಡ 2017ರಲ್ಲಿ ತಾನೇ ಎಣಿಸತೊಡಗಿತು. ಯಾರನ್ನು ಕರೆಯಬೇಕೆಂಬ ಆಯ್ಕೆ ತನ್ನ ಕೈಯಲ್ಲಿದ್ದ ಕಡೆ ಮಾತ್ರ ಎಣಿಕೆ. ಪ್ರಧಾನಿಯಂತೆ ಸುದ್ದಿಗೆ ಅನಿವಾರ್ಯರಾದವರು ಲೆಕ್ಕಕ್ಕಿಲ್ಲ. ಆರಂಭದಲ್ಲಿ ಮಹಿಳೆಯರು ಶೇ 39 ಇದ್ದರು, ನಾಲ್ಕು ತಿಂಗಳಲ್ಲಿ ಶೇ 50 ಆಯಿತು. ಅದೇ ಮುಂದೆ ‘50:50’ ಯೋಜನೆಯಾಗಿ ಬೆಳೆಯಿತು.

ಕನ್ನಡ ವಾಹಿನಿಗಳೂ ತಿಂಗಳಿಗೊಮ್ಮೆ ತಮ್ಮ ಲೆಕ್ಕ ಪ್ರಕಟಿಸಲಿ. ಅಲ್ಲಿಯತನಕ ನಿಮ್ಮ ಪತ್ರಿಕೆಯೇ ವಾರಕ್ಕೊಂದು ಚರ್ಚಾ ಕಾರ್ಯಕ್ರಮವನ್ನು ಎಣಿಸಿ, ಟಿ.ವಿ. ಪುಟದ ಮೂಲೆಯಲ್ಲಿ ಮೂರು ಸಾಲು ಅಚ್ಚು ಹಾಕಬೇಕೆಂದು ಕೋರುತ್ತೇವೆ: ಎಷ್ಟು ಮಹಿಳೆಯರು ಮಾತಾಡಿದರು, ಎಷ್ಟು ಸೆಕೆಂಡು, ಏನೆಂದು ಪರಿಚಯಿಸಲಾಯಿತು.

ಇಂತಿ,
ನಿಮ್ಮ ಓದುಗರು