ನಿನಗೆ ದೀಕ್ಷಾಸ್ನಾನ ಆಗಿದೆ

ಪ್ರೀತಿಯ ಕರುಣಾ,

ಬೆಂಗಳೂರಿನ ನಿನ್ನ ಹೊಸ ಸಭೆಯ, ಅಂದರೆ ಚರ್ಚಿನ, ಕರಪತ್ರ ಬಂತು. 'ನಮ್ಮ ಮೌಲ್ಯಗಳು, ನಮ್ಮ ಧ್ಯೇಯ, ನಮ್ಮ ನಂಬಿಕೆ' ಅಂತ ಮೂರು ಭಾಗ. ಒಳ್ಳೆ ದಪ್ಪ ಕಾಗದ. ಹಿಂದೆ ನಿನ್ನ ಕೈಬರಹ: 'ಬರುವ ತಿಂಗಳು ಎರಡನೇ ಆದಿತ್ಯವಾರ ನನ್ನ ದೀಕ್ಷಾಸ್ನಾನ. ಪಪ್ಪ, ಮಮ್ಮ, ಇಬ್ಬರೂ ಬರಬೇಕು.' ಮಗುವಾಗಿದ್ದಾಗ ಆದ ದೀಕ್ಷಾಸ್ನಾನ ಲೆಕ್ಕಕ್ಕಿಲ್ಲ ಅಂತ ನೀನು, ಇದೆ ಅಂತ ನಾನು, ಫೋನಿನಲ್ಲಿ ಆಡಿದ ಜಗಳವನ್ನು ಮತ್ತೆ ಬರೆಯುವುದಿಲ್ಲ. ಕೋಪ ಬಂದದ್ದಕ್ಕೆ ನನಗೆ ಬೇಸರವಿಲ್ಲ. ಮಾತಿನ ಮಧ್ಯೆ ಫೋನ್ ಇಟ್ಟುಬಿಟ್ಟೆನಲ್ಲ, ಅದಕ್ಕೆ ಇದೆ.

ಕರಪತ್ರವನ್ನು ಪೆನ್ಸಿಲ್ ಹಿಡಿದು ಓದಿದೆ. ಚರಿತ್ರೆಯ ಮಾಷ್ಟ್ರಾಗಿದ್ದವನ ಚಾಳಿ, ಬಿಡುವುದಿಲ್ಲ. ತ್ರಿಯೇಕ ದೇವರು, ಶಿಲುಬೆ, ಪುನರುತ್ಥಾನ, ದೇವರ ವಾಕ್ಯ, ಇವೆಲ್ಲಕ್ಕೂ ಸರಿ ಗುರುತು ಹಾಕಿದೆ. ಇದನ್ನೇ ಅಲ್ವಾ ನಾವು ಇಲ್ಲಿ ಮಂಗಳೂರಿನ ಬಲ್ಮಠದ ದೇವಾಲಯದಲ್ಲಿ ಎದ್ದುನಿಂತು ಹೇಳುವುದು? ಮೌಲ್ಯಗಳ ಪಟ್ಟಿಯಲ್ಲಿ ಅತಿಥಿ ಸತ್ಕಾರ, ಪ್ರಾಮಾಣಿಕತೆ, ಕುಟುಂಬ ಎಲ್ಲ ಇದೆ. ಕೊನೆಗೆ 'ಉತ್ಕೃಷ್ಟತೆ' ಅಂತ ಒಂದು. ಅದು ನಿನ್ನ ಆಫೀಸಿನ ಗೋಡೆಯಿಂದ ಇಳಿದು ಬಂದ ಹಾಗಿದೆ. ಹಿರಿಯರ ಫೋಟೋದಲ್ಲಿ ಇರುವವರೆಲ್ಲ ಗಂಡಸರೇ. ನಾವು ಹಳೇ ಕಾಲದವರು, ಒಪ್ಪಿಕೊಳ್ಳುತ್ತೇನೆ. ಆದರೆ ನಮ್ಮ ದಕ್ಷಿಣ ಭಾರತ ಸಭೆಯಲ್ಲಿ (ಸಿ.ಎಸ್.ಐ.) 2013ರಲ್ಲೇ ಒಬ್ಬ ಹೆಂಗಸು, ಪುಷ್ಪ ಲಲಿತಾ, ನಂದ್ಯಾಲದ ಬಿಷಪ್ ಆದರು. ನಿಮ್ಮಲ್ಲಿ ಹೆಂಗಸರು ಪ್ರಸಂಗ ಮಾಡುತ್ತಾರಾ? ಸುಮ್ನೆ ಕೇಳಿದೆ.

ಧ್ಯೇಯದ ಹತ್ತಿರ ಸ್ವಲ್ಪ ಹೊತ್ತು ನಿಂತೆ. 'ನಗರವನ್ನು ಕ್ರಿಸ್ತನಿಗಾಗಿ ಗೆಲ್ಲುವುದು.' ಗೆಲ್ಲುವುದು ಅಂದರೆ ಎಂತ ಮಾರಾಯ್ತಿ? 1834ರಲ್ಲಿ ಬಾಸೆಲ್ ಮಿಷನಿನ ಮೂವರು ಮಂಗಳೂರಿಗೆ ಬಂದು ಇಳಿದಾಗ ಅವರ ತಲೆಯಲ್ಲೂ ಇಂಥದ್ದೇ ಏನೋ ಇದ್ದಿರಬೇಕು. ಆಮೇಲೆ ಆದದ್ದು ಬೇರೆ. ದೀಕ್ಷಾಸ್ನಾನ ತೆಗೆದುಕೊಂಡವರನ್ನು ಮನೆಯಿಂದ ಹೊರಗೆ ಹಾಕಿದರು, ಗದ್ದೆ ಬಿಡಿಸಿದರು, ಕಸುಬಿಗೆ ಸೇರಿಸಲಿಲ್ಲ. ಅವರಿಗೆ ಗಂಜಿ ಬೇಕಲ್ಲ? ಅದಕ್ಕೆ ನೇಯ್ಗೆ ಬಂತು, 1841ರಲ್ಲಿ ಅಚ್ಚುಕೂಟ ಬಂತು, 1865ರಲ್ಲಿ ಜೆಪ್ಪುವಿನ ಹಂಚಿನ ಕಾರ್ಖಾನೆ ಬಂತು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಇವರ ಕೈಯಿಂದಲೇ 1843ರಲ್ಲಿ ಹೊರಬಂತು. ನನ್ನ ಮುತ್ತಜ್ಜ ಆ ಕಾರ್ಖಾನೆಯಲ್ಲಿ ಮಣ್ಣು ತುಳಿದವರು. ಊರನ್ನು ಗೆಲ್ಲಲು ಬಂದವರು ಕಡೆಗೆ ಊರಿನ ಮಾಡಿಗೆ ಹಂಚು ಮಾಡಿಕೊಟ್ಟರು. ನನಗೆ ಕೇಳಿದರೆ ಗೆದ್ದದ್ದಕ್ಕಿಂತ ಅದು ಒಳ್ಳೆ ಕೆಲಸ. ನಿಮ್ಮ ಸಭೆ ಕೊಳಗೇರಿಯ ಮಕ್ಕಳಿಗೆ ಸಂಜೆ ಪಾಠ ಹೇಳಿಕೊಡುತ್ತದೆ ಅಂದೆಯಲ್ಲ, ಅದನ್ನು ಬಿಡಬೇಡ. ಅದು ಕರಪತ್ರದಲ್ಲಿ ಎಲ್ಲೂ ಇಲ್ಲ, ನೋಡು.

ಆಮೇಲೆ ಕೊನೆಯ ಪುಟಕ್ಕೆ ಬಂದೆ. 'ದೀಕ್ಷಾಸ್ನಾನ ಸ್ವಂತ ನಂಬಿಕೆಯನ್ನು ಬಾಯಿಂದ ಹೇಳಬಲ್ಲವರಿಗೆ ಮಾತ್ರ. ಮಗುವಿಗೆ ನೀರು ಚಿಮುಕಿಸುವುದನ್ನು ನಾವು ದೀಕ್ಷಾಸ್ನಾನ ಎಂದು ಪರಿಗಣಿಸುವುದಿಲ್ಲ.'

ಪರಿಗಣಿಸುವುದಿಲ್ಲವಂತೆ.

ನೀನು ಏಳು ತಿಂಗಳಿಗೇ ಹುಟ್ಟಿದವಳು ಅಂತ ನಿನಗೆ ಗೊತ್ತು. ಆಸ್ಪತ್ರೆಯಲ್ಲಿ ದೀಕ್ಷಾಸ್ನಾನ ಆಯಿತು ಅಂತಲೂ ಗೊತ್ತು. ಮಮ್ಮ ಹೇಳಿದ್ದು ಅಷ್ಟೇ, ಯಾಕೆಂದರೆ ಮಮ್ಮ ನೋಡಿದ್ದೂ ಅಷ್ಟೇ. ಅವಳಿಗೆ ಇನ್ನೂ ಸರಿಯಾಗಿ ಎಚ್ಚರ ಬಂದಿರಲಿಲ್ಲ. 1997ರ ಜುಲೈ. ಹೊರಗೆ ಜಡಿ ಮಳೆ. ನಿನ್ನನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಡಾಕ್ಟರು ಬಂದು ನೋಡಿ, 'ಬೆಳಗಾಗಲಿ, ನೋಡುವ' ಅಂದು ಹೋದರು. ಆ ಮಾತಿನ ಅರ್ಥ ನನಗೆ ಆಯಿತು. ನಮ್ಮ ಸಭೆಯ ಪಾದ್ರಿ ಅಯ್ಯನವರಿಗೆ ಫೋನ್ ಮಾಡಿದೆ. ಯಾರದೋ ಶವಸಂಸ್ಕಾರಕ್ಕೆ ಅಂತ ಮುಲ್ಕಿಗೆ ಹೋದವರು ಮಳೆಯಲ್ಲಿ ಅಲ್ಲೇ ಉಳಿದಿದ್ದರು. ಅಜ್ಜ ಕಾರಿಡಾರಿನ ಬೆಂಚಿನಲ್ಲಿ ಕೂತು ಕೀರ್ತನೆ ಹೇಳುತ್ತಿದ್ದರು, ತಪ್ಪು ತಪ್ಪಾಗಿ.

ರಾತ್ರಿ ಪಾಳಿಯಲ್ಲಿ ಇದ್ದ ನರ್ಸ್ ಬಂಟ್ವಾಳ ಕಡೆಯ ಕಥೊಲಿಕ್ ಹೆಂಗಸು. ನಾನು ಫೋನ್ ಇಟ್ಟು ನಿಂತದ್ದನ್ನು ನೋಡಿ ಹತ್ತಿರ ಬಂದು, 'ನೀವೇ ಕೊಡಿ' ಅಂದರು. ಏನು ಅಂತ ನನಗೆ ಗೊತ್ತಾಗಲಿಲ್ಲ. 'ದೀಕ್ಷಾಸ್ನಾನ. ಇಂಥ ಹೊತ್ತಿನಲ್ಲಿ ಯಾರೂ ಕೊಡಬಹುದು. ನೀರು ಬೇಕು, ಆ ಮಾತು ಬೇಕು. ಅಷ್ಟೇ.' ಕುದಿಸಿ ಆರಿಸಿದ ನೀರನ್ನು ಸ್ಟೀಲ್ ಲೋಟದಲ್ಲಿ ತಂದರು. ನನ್ನ ಕೈ ಸ್ಪಿರಿಟ್ ಹಾಕಿ ಒರೆಸಿದರು. ಪೆಟ್ಟಿಗೆಯ ಪಕ್ಕದಲ್ಲಿ ಕೈ ತೂರಿಸುವ ಒಂದು ಉರುಟು ಕಿಂಡಿ. ನಿನ್ನ ಹಣೆ ಅಡಿಕೆಯಷ್ಟು ಅನ್ನಿಸಿತು. ಹೆಸರೇನು ಅಂತ ಅವರು ಕೇಳಿದಾಗ ನನ್ನ ಬಾಯಿಗೆ ಬಂದದ್ದು ಕರುಣಾ. ಮಮ್ಮ ಆರಿಸಿಟ್ಟಿದ್ದ ಹೆಸರು ಬೇರೆಯೇ ಇತ್ತು, ಅವಳು ಈಗಲೂ ಅದಕ್ಕೆ ನನ್ನನ್ನು ಪೂರ್ತಿ ಕ್ಷಮಿಸಿಲ್ಲ. ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ. ಮೂರು ಸಲ ಬೆರಳು ಅದ್ದಿದೆ. ಕೈ ನಡುಗಿ ಒಂದು ಹನಿ ನಿನ್ನ ಕಣ್ಣಿಗೆ ಬಿತ್ತು. ನೀನು ಮುಖ ಕಿವುಚಿದೆ. ಆವರೆಗೆ ನೀನು ಅಲುಗಾಡಿದ್ದನ್ನು ನಾನು ನೋಡಿರಲಿಲ್ಲ.

ಇದನ್ನು ನೀರು ಚಿಮುಕಿಸುವುದು ಅನ್ನುತ್ತಾರಂತೆ.

ನಿಮ್ಮ ಪಾಸ್ಟರು ಹೇಳುವುದು ನನಗೆ ಅರ್ಥ ಆಗುವುದಿಲ್ಲ ಅಂತ ತಿಳಿಯಬೇಡ. ಯೊರ್ದನ್ ಹೊಳೆಗೆ ಇಳಿದ ಯೇಸು ಮಗು ಅಲ್ಲ. ಬೈಬಲಿನಲ್ಲಿ ರಥದಲ್ಲಿ ಹೋಗುತ್ತಾ ದೀಕ್ಷಾಸ್ನಾನ ಪಡೆದ ಐಥಿಯೋಪ್ಯದವನೂ ಮಗು ಅಲ್ಲ. ನಮ್ಮ ಸಭೆಯ ಮೊದಲಿನವರೆಲ್ಲ ದೊಡ್ಡವರಾಗಿ, ತಿಳಿದು, ನೀರಿಗೆ ತಲೆ ಒಡ್ಡಿದವರೇ. ಸಾರಸ್ವತ ಮನೆಯ ಹುಡುಗ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷಾಸ್ನಾನ ತೆಗೆದುಕೊಂಡಾಗ ಊರಲ್ಲೆಲ್ಲ ಗಲಾಟೆ ಎದ್ದಿತ್ತು. ಆದರೆ ಅದೇ ಬೈಬಲಿನಲ್ಲಿ ಫಿಲಿಪ್ಪಿಯ ಸೆರೆಮನೆಯ ಯಜಮಾನ ರಾತ್ರೋರಾತ್ರಿ ಮನೆಯವರೆಲ್ಲರ ಜೊತೆ ದೀಕ್ಷಾಸ್ನಾನ ಪಡೆದ. ಆ ಮನೆಯಲ್ಲಿ ತೊಟ್ಟಿಲು ಇತ್ತೋ ಇಲ್ಲವೋ ಅಂತ ಐನೂರು ವರ್ಷದಿಂದ ಜಗಳ ನಡೆದಿದೆ. ಅದನ್ನು ನಾವಿಬ್ಬರು ಫೋನಿನಲ್ಲಿ ಮುಗಿಸಲಿಕ್ಕುಂಟಾ?

ಜಗಳ ಬರೀ ಬಾಯಿಮಾತಿನದ್ದೂ ಅಲ್ಲ. 1525ರಲ್ಲಿ ಸ್ವಿಟ್ಜರ್ಲೆಂಡಿನ ಝ್ಯೂರಿಕ್‌ನಲ್ಲಿ ಕೆಲವರು ನಿನ್ನ ಹಾಗೆಯೇ, ಮಗುವಾಗಿದ್ದಾಗ ಆದದ್ದು ದೀಕ್ಷಾಸ್ನಾನವೇ ಅಲ್ಲ ಅಂತ ಹೇಳಿ ಮತ್ತೆ ತೆಗೆದುಕೊಂಡರು. ಅವರಲ್ಲಿ ಫೆಲಿಕ್ಸ್ ಮಾಂಟ್ಸ್ ಅನ್ನುವವನನ್ನು 1527ರಲ್ಲಿ ಲಿಮ್ಮಾಟ್ ಹೊಳೆಯಲ್ಲಿ ಮುಳುಗಿಸಿ ಕೊಂದರು. ಕೊಂದವರು ಪ್ರೊಟೆಸ್ಟೆಂಟ್ ಸುಧಾರಣೆಯವರು, ಅಂದರೆ ನಮ್ಮ ಕಡೆಯವರು. ಇದನ್ನು ನಿಮ್ಮ ಪಾಸ್ಟರು ಹೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಅದಕ್ಕೇ ನಾನು ನಿನ್ನನ್ನು ಹೆದರಿಸಿ ತಡೆಯುವುದಿಲ್ಲ. ಆ ಕೆಲಸವನ್ನು ನಮ್ಮವರು ಬೇಕಾದಷ್ಟು ಮಾಡಿದ್ದಾರೆ.

2008ರ ಸೆಪ್ಟೆಂಬರಿನಲ್ಲಿ ನಮ್ಮೂರಿನ ಪ್ರಾರ್ಥನಾಲಯಗಳ ಮೇಲೆ ದಾಳಿ ಆದದ್ದು ನಿನಗೂ ನೆನಪಿದೆ, ನನಗೂ. ಅದನ್ನು ಹೆಚ್ಚು ಬರೆಯುವುದಿಲ್ಲ. ಆದರೆ ಬಾಡಿಗೆ ಹಾಲಿನಲ್ಲಿ ಆರಾಧನೆ ಮಾಡುವ ಸಭೆ ಅಂದರೆ ನನ್ನ ಎದೆ ಈಗಲೂ ಹೊಡೆದುಕೊಳ್ಳುತ್ತದೆ. ನೀವು ಸೇರುವ ಆ ಹೋಟೆಲ್ ಹಾಲಿಗೆ ಎಷ್ಟು ಬಾಗಿಲು ಇವೆ? ಹಿಂದಿನ ಬಾಗಿಲು ತೆರೆದಿರುತ್ತದಾ? ನಗಬೇಡ. ನೋಡಿಟ್ಟುಕೋ. ರಾತ್ರಿ ಪ್ರಾರ್ಥನಾಕೂಟ ಇದ್ದರೆ ಒಬ್ಬಳೇ ಆಟೋದಲ್ಲಿ ಬರಬೇಡ. ದಶಮಾಂಶ ಕೊಡು, ಬೇಡ ಅನ್ನುವುದಿಲ್ಲ. ಆದರೆ ಲೆಕ್ಕ ಕೇಳು. ನಮ್ಮಲ್ಲಿ ಬೆಳೆಹಬ್ಬದ ಏಲಂನಲ್ಲಿ ಒಂದು ಬಾಳೆಗೊನೆ ಎಷ್ಟಕ್ಕೆ ಹೋಯಿತು ಅಂತಲೂ ವಾರ್ಷಿಕ ಸಭೆಯಲ್ಲಿ ಓದಿ ಹೇಳುತ್ತಾರೆ. ನಿಮ್ಮಲ್ಲಿ ಯಾರು ಓದುತ್ತಾರೆ?

ನೋಡು, ಮತ್ತೆ ಪಾಠ ಶುರುವಾಯಿತು.

ಆಸ್ಪತ್ರೆಯದ್ದು ಇನ್ನೂ ಮುಗಿದಿಲ್ಲ. ನೀನು ಬದುಕಿ ಮನೆಗೆ ಬಂದೆ. ಸ್ವಲ್ಪ ಮೈತುಂಬಿದ ಮೇಲೆ ನಿನ್ನನ್ನು ದೇವಾಲಯಕ್ಕೆ ಕರೆದುಕೊಂಡು ಹೋದೆವು. ಅಯ್ಯನವರೇ ಮತ್ತೊಮ್ಮೆ ಸರಿಯಾಗಿ ದೀಕ್ಷಾಸ್ನಾನ ಮಾಡಿಸುತ್ತಾರೆ ಅಂತ ನಾನು ತಿಳಿದಿದ್ದೆ. ಅವರು ಮಾಡಲಿಲ್ಲ. ನನ್ನನ್ನು ಕೋಣೆಗೆ ಕರೆದು ಎರಡೇ ಪ್ರಶ್ನೆ ಕೇಳಿದರು. ನೀರು ಇತ್ತಾ? ತ್ರಿಯೇಕ ದೇವರ ಹೆಸರು ಹೇಳಿದಿರಾ? ಹೌದು ಅಂದೆ. 'ಹಾಗಾದರೆ ಆಗಿದೆ. ಇನ್ನು ನನಗೆ ಕೆಲಸ ಇಲ್ಲ' ಅಂದು ರಿಜಿಸ್ಟರ್ ತೆಗೆದು ಬರೆದರು. ದೀಕ್ಷಾಸ್ನಾನ ಕೊಟ್ಟವರು ಅನ್ನುವ ಜಾಗದಲ್ಲಿ ನನ್ನ ಹೆಸರಿದೆ. ಸಭೆಯ ಮುಂದೆ ನಿನ್ನನ್ನು ಎತ್ತಿಕೊಂಡು ಪ್ರಾರ್ಥನೆ ಮಾಡಿದರು. ಅಷ್ಟೇ.

ಆ ಕೋಣೆಯಲ್ಲಿ ನಾನು ಅವರಿಗೆ ಒಂದು ವಿಷಯ ಹೇಳಿರಲಿಲ್ಲ. ಮಮ್ಮನಿಗೂ ಹೇಳಿಲ್ಲ. ಆ ರಾತ್ರಿ ನನಗೆ ನಂಬಿಕೆ ಇರಲಿಲ್ಲ ಕರುಣಾ. ಭಯ ಇತ್ತು, ದೇವರ ಮೇಲೆ ಸಿಟ್ಟು ಇತ್ತು. ಬಾಯಿ ಮಾತು ಹೇಳಿತು, ಬೆರಳು ನೀರು ಮುಟ್ಟಿಸಿತು. ನಿನಗೆ ನಂಬಿಕೆ ಇರಲಿಕ್ಕೆ ನೀನು ಇನ್ನೂ ಸರಿಯಾಗಿ ಉಸಿರಾಡುತ್ತಿರಲಿಲ್ಲ. ಅಂದರೆ ಆ ಪೆಟ್ಟಿಗೆಯ ಹತ್ತಿರ ನಂಬಿಕೆ ಅನ್ನುವುದು ಆ ನರ್ಸಿಗೆ ಬಿಟ್ಟರೆ ಯಾರಿಗೂ ಇರಲಿಲ್ಲ. ಆದರೂ ಅದು ಆಯಿತು ಅಂತ ಸಭೆ ಬರೆದುಕೊಂಡಿತು. ಕೊಡುವವನ ಯೋಗ್ಯತೆಯಿಂದ ದೀಕ್ಷಾಸ್ನಾನ ನಿಲ್ಲುವುದಿಲ್ಲ, ಅದು ಕ್ರಿಸ್ತನದ್ದು ಅಂತ ಹಳೇ ಕಾಲದ ಬಿಷಪ್ ಅಗಸ್ಟೀನನು, ನಿಲ್ಲುತ್ತದೆ ಅನ್ನುತ್ತಿದ್ದ ದೊನಾತಿಸ್ಟರ ಜೊತೆ ವಾದ ಮಾಡಿದ್ದನ್ನು ನಾನು ಎಷ್ಟೋ ವರ್ಷದ ಮೇಲೆ ಓದಿದೆ. ಓದಿ ಪುಸ್ತಕ ಮುಚ್ಚಿ ಅತ್ತೆ. ನನ್ನ ಕೈಯಲ್ಲಿ ಏನೂ ಇಲ್ಲದಿದ್ದಾಗಲೂ ಆತನು ನಿನ್ನನ್ನು ಹಿಡಿದಿದ್ದಾನೆ ಅಂತ ಆಯಿತಲ್ಲ.

ಈಗ ನೀನು, 'ಆಗ ನನಗೆ ನಂಬಿಕೆ ಇರಲಿಲ್ಲ, ಆದ್ದರಿಂದ ಅದು ಲೆಕ್ಕಕ್ಕಿಲ್ಲ' ಅನ್ನುತ್ತೀ. ಇವತ್ತು ನಿನಗೆ ನಂಬಿಕೆ ಇದೆ, ಸಂತೋಷ. ನಲವತ್ತನೇ ವಯಸ್ಸಿನಲ್ಲಿ ಒಂದು ರಾತ್ರಿ ಅದು ಇಲ್ಲ ಅನ್ನಿಸಿದರೆ? ಆಗ ಈ ದೀಕ್ಷಾಸ್ನಾನವೂ ಆಗಿರಲಿಲ್ಲ ಅನ್ನುತ್ತೀಯಾ? ಮೂರನೆಯದು ತೆಗೆದುಕೊಳ್ಳುತ್ತೀಯಾ? ನನಗಿರುವ ಹೆದರಿಕೆ ಇದೊಂದೇ. ನೀನು ಸಭೆ ಬಿಡುವುದಲ್ಲ. ಗಿಟಾರೂ ಅಲ್ಲ, ಡ್ರಮ್ಮೂ ಅಲ್ಲ.

ಹೆಮ್ಮೆಯೂ ಇದೆ, ಹೇಳದೆ ಇರುವುದಿಲ್ಲ. ಬೆಂಗಳೂರಿಗೆ ಹೋದ ನಮ್ಮ ಮಕ್ಕಳಲ್ಲಿ ಜಾಸ್ತಿ ಜನ ಆದಿತ್ಯವಾರ ಬೆಳಿಗ್ಗೆ ಮಲಗುತ್ತಾರೆ. ನೀನು ಎದ್ದು ಹೋಗಿ, ಬೈಬಲ್ ತೆರೆದು, ಅಪ್ಪನ ಜೊತೆ ಜಗಳ ಮಾಡುವಷ್ಟು ಓದುತ್ತೀ. ದೃಢೀಕರಣದ ತರಗತಿಯಲ್ಲಿ ಅಯ್ಯನವರನ್ನು ಪ್ರಶ್ನೆ ಕೇಳಿ ಸುಸ್ತು ಮಾಡಿದವಳು ನೀನು ಒಬ್ಬಳೇ.

ಈಗ ನನ್ನದೊಂದು ಕೋರಿಕೆ. ನೈಸಿಯ ವಿಶ್ವಾಸ ಪ್ರಮಾಣದಲ್ಲಿ 'ಒಂದೇ ದೀಕ್ಷಾಸ್ನಾನ' ಅಂತ ಇದೆ. 1982ರಲ್ಲಿ ಲಿಮಾದಲ್ಲಿ ಎಷ್ಟೋ ಸಭೆಗಳವರು ಕೂತು ಮಾಡಿದ ಹೇಳಿಕೆಯಲ್ಲೂ ಅದನ್ನು ಮತ್ತೆ ಮಾಡುವ ಹಾಗಿಲ್ಲ ಅಂತ ಇದೆ. 1970ರಲ್ಲಿ ನಾಗಪುರದಲ್ಲಿ ಹಲವು ಸಭೆಗಳು ಒಂದಾಗಿ ಉತ್ತರ ಭಾರತ ಸಭೆ (ಸಿ.ಎನ್.ಐ.) ಹುಟ್ಟಿದಾಗ ಬ್ಯಾಪ್ಟಿಸ್ಟರೂ ಅದರಲ್ಲಿ ಸೇರಿದರು. ಮಗುವಿಗೆ ಕೊಡುವುದು, ದೊಡ್ಡವರಾದ ಮೇಲೆ ಕೊಡುವುದು, ಎರಡಕ್ಕೂ ಒಂದೇ ಸಭೆಯಲ್ಲಿ ಜಾಗ ಮಾಡಿದರು. ದಾರಿ ಇದೆ ಅಂತ ಇದರ ಅರ್ಥ ಅಲ್ವಾ? ನಿಮ್ಮ ಪಾಸ್ಟರನ್ನು ಕೇಳು. ನೀನು ಆ ನೀರಿಗೆ ಇಳಿದು, ಮುಳುಗಿ, ಎದ್ದು, 'ನನಗೆ 1997ರಲ್ಲಿ ಆದ ದೀಕ್ಷಾಸ್ನಾನವನ್ನು ಇವತ್ತು ನಾನೇ ಬಾಯಿಬಿಟ್ಟು ಒಪ್ಪಿಕೊಳ್ಳುತ್ತೇನೆ' ಅಂತ ಎಲ್ಲರ ಮುಂದೆ ಹೇಳಬಹುದಾ? ಅವರು ಆಗಲಿ ಅಂದರೆ ನಾನು ಟವೆಲ್ ಹಿಡಿದುಕೊಂಡು ಮೊದಲ ಸಾಲಿನಲ್ಲಿ ನಿಲ್ಲುತ್ತೇನೆ. ಆಗುವುದಿಲ್ಲ ಅಂದರೆ ಯಾಕೆ ಅಂತ ಕೇಳಿ ನನಗೆ ಬರೆ. ಫೋನಿನಲ್ಲಿ ಬೇಡ, ನನಗೆ ಸಿಟ್ಟು ಬೇಗ ಬರುತ್ತದೆ.

ಮಮ್ಮ ಹೇಗೂ ಬರುತ್ತಾಳೆ. ಶನಿವಾರ ರಾತ್ರಿಯ ಬಸ್ಸಿಗೆ ಸೀಟು ಮಾಡಿಸಿದ್ದಾಳೆ, ನಿನಗೆ ಅಂತ ಕೋರಿರೊಟ್ಟಿಯ ಪ್ಯಾಕೆಟ್ಟೂ ತಂದಿಟ್ಟಿದ್ದಾಳೆ. ನನಗೆ ಸೀಟು ಮಾಡಿಸಬೇಕಾ ಬೇಡವಾ ಅಂತ ಕೇಳಿದಳು. ನಿನ್ನ ಕಾಗದ ಬರಲಿ ಅಂದೆ.

ನಿನ್ನ
ಪಪ್ಪ