ಸ್ವೀಡನ್ನಿನಿಂದ ಬಂದ ಆಟ

ಮಾನ್ಯರೇ,

ಎರವಲು ಪದಗಳಿಂದ ಭಾಷೆ ಕೆಡುತ್ತದೆ ಎನ್ನುವ ಪತ್ರಗಳನ್ನು ಈ ಅಂಕಣದಲ್ಲಿ ಓದುತ್ತಿರುತ್ತೇನೆ. ನನಗೆ ಹಾಗನ್ನಿಸುವುದಿಲ್ಲ. ಫಿನ್ಲೆಂಡಿನ ಟಾಂಪೆರೆಯಲ್ಲಿರುವ ನನ್ನ ಮೊಮ್ಮಗ ಆಟವಾಡುವುದಕ್ಕೆ ‘ಪೆಲತ’ ಎನ್ನುತ್ತಾನೆ. ಅಪ್ಪಟ ಫಿನ್ನಿಷ್ ಅನ್ನಿಸುವ ಈ ಕ್ರಿಯಾಪದ ಬಂದದ್ದು ಸ್ವೀಡಿಷ್‌ನ ‘ಸ್ಪೇಲ’ದಿಂದ. ಜರ್ಮನ್ನಿನ ‘ಷ್ಪೀಲೆನ್’ ಅದರ ಬಂಧು. ಫಿನ್ಲೆಂಡ್ 1809ರವರೆಗೆ ಸ್ವೀಡನ್ನಿನ ಆಳ್ವಿಕೆಯಲ್ಲಿತ್ತಲ್ಲ, ಪದಗಳು ಧಾರಾಳವಾಗಿ ಬಂದವು.

ಹಳೆಯ ಫಿನ್ನಿಷ್‌ನಲ್ಲಿ ಪದದ ಮೊದಲಿಗೆ ಒತ್ತಕ್ಷರ ನಿಲ್ಲುತ್ತಿರಲಿಲ್ಲ. ಹಾಗಾಗಿ ‘ಸ’ ಉದುರಿತು. ಕಡಲ ದಡ ಎಂಬ ಅರ್ಥದ ‘ಸ್ಟ್ರಾಂಡ್’ ಅಂತೂ ಎರಡು ವ್ಯಂಜನ ಕಳೆದುಕೊಂಡು ‘ರಂತ’ ಆಯಿತು! ನಮ್ಮ ಹಳ್ಳಿಗಳಲ್ಲಿ ಇದೇ ತೊಡಕಿಗೆ ಮುಂದೆ ಒಂದು ‘ಇ’ ಸೇರಿಸಿ ಇಸ್ಕೂಲು, ಇಸ್ಟೇಶನ್ನು ಎಂದರು. ಇನ್ನು ಕೊನೆಯ ‘ತ’ ಫಿನ್ನಿಷ್‌ನದೇ ಪ್ರತ್ಯಯ. ಸಂಸ್ಕೃತದ ಪ್ರೀತಿಗೆ ನಾವು ‘ಇಸು’ ಹಚ್ಚಿ ‘ಪ್ರೀತಿಸು’ ಮಾಡಿಕೊಂಡಿಲ್ಲವೇ?

ನಲವತ್ತರ ಹರೆಯದವರೂ ಪದಗಳ ಹುಟ್ಟನ್ನು ಕುತೂಹಲದಿಂದ ಕೇಳುತ್ತಾರೆ, ಮಕ್ಕಳಂತೂ ಬಿಡುವುದೇ ಇಲ್ಲ. ನಿಮ್ಮ ಭಾನುವಾರದ ಪುರವಣಿಯಲ್ಲಿ ಇದಕ್ಕೊಂದು ಪುಟ್ಟ ಅಂಕಣ ಕೊಡಿ.

– ನಿವೃತ್ತ ಕನ್ನಡ ಅಧ್ಯಾಪಕ, ಧಾರವಾಡ