ವಿಚಿತ್ರ ಚಿತ್ರಗಳ ಪ್ರದರ್ಶನ: ಪೋಷಕರಿಗೆ ಪತ್ರ

ಹಾಸನ

ಮಾನ್ಯ ಪೋಷಕರೇ,

ಮುಂದಿನ ಶುಕ್ರವಾರ ಮತ್ತು ಶನಿವಾರ ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಶಾಲೆಯ ಸಭಾಂಗಣದಲ್ಲಿ ಚಿತ್ರಪ್ರದರ್ಶನವಿದೆ. ಕಲಾವಿದರು ನಮ್ಮ ಜಿಲ್ಲೆಯವರೇ. ಯಾವ ಚಿತ್ರಕಲಾ ಶಾಲೆಗೂ ಹೋಗದೆ ತಾವಾಗಿಯೇ ಕಲಿತವರು. ಈಜುರೆಕ್ಕೆ ಮೂಡಿಸಿಕೊಂಡು ಹೇಮಾವತಿಗೆ ಇಳಿದ ಕೆಂಪು ಬಸ್ಸು, ಆಲೂಗಡ್ಡೆ ಮೂಟೆಯಿಂದ ಕತ್ತು ಚಾಚಿದ ಆಮೆಗಳು, ಕಾಫಿ ಲೋಟದಲ್ಲಿ ಮೀಯುವ ಆನೆಹಿಂಡು, ಹೀಗಿವೆ ಚಿತ್ರಗಳು. ಅವುಗಳ ಪಕ್ಕದಲ್ಲೇ 5ರಿಂದ 8ನೇ ತರಗತಿಯ ಮಕ್ಕಳ ಚಿತ್ರಗಳನ್ನೂ ತೂಗುಹಾಕುತ್ತೇವೆ. ಮಕ್ಕಳ ಚಿತ್ರಗಳು ಬುಧವಾರದೊಳಗೆ ನಮ್ಮ ಕೈಸೇರಬೇಕು.

ಮನಸ್ಸಿಗೆ ತೋಚಿದ್ದನ್ನು ಗೀಚಿದರೆ ಇಂಥ ಚಿತ್ರವಾಗುವುದಿಲ್ಲ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಗೋಡೆಯಲ್ಲಿ ಹಂಸಗಳ ಸಾಲಿನ ಕೆಳಗೇ ಇರುವ ಮಕರಗಳನ್ನು ನೋಡಿ. ಮೊಸಳೆಯ ಬಾಯಿ, ಆನೆಯ ಸೊಂಡಿಲು, ನವಿಲಿನಂಥ ಬಾಲ. ಅಂಥ ಪ್ರಾಣಿ ಎಲ್ಲೂ ಇಲ್ಲ, ಆದರೂ ಒಂದೊಂದು ಅಂಗವೂ ನೋಡಿ ಕಡೆದಂತಿರುವುದರಿಂದ ಕಣ್ಣು ಒಪ್ಪಿಕೊಳ್ಳುತ್ತದೆ. ಬಸ್ಸಿನ ಚಿತ್ರದಲ್ಲೂ ಹಾಗೆಯೇ. ಕಿಟಕಿಯ ಸರಳು, ಹಿಂಬದಿಯ ಏಣಿ ಎಲ್ಲ ಸರಿಯಾಗಿವೆ. ತಗಡಿನ ರಿವೆಟ್ಟುಗಳ ಸಾಲು ಮಾತ್ರ ಹಿಂದೆ ಹೋದಂತೆ ಒಂದರ ಮೇಲೊಂದು ಸರಿದು ಮೀನಿನ ಹುರುಪೆಯಾಗುತ್ತದೆ. ಪ್ಯಾರಿಸ್ಸಿನಲ್ಲಿ ಸುಂಕ ವಸೂಲಿ ಮಾಡುತ್ತಿದ್ದ ಆನ್ರಿ ರೂಸೋ (1844–1910) ಕೂಡ ತಾನೇ ಕಲಿತ ಚಿತ್ರಕಾರ. ಫ್ರಾನ್ಸ್ ಬಿಟ್ಟು ಹೊರಗೆ ಹೋಗದ ಆತ ಅಲ್ಲಿನ ಸಸ್ಯೋದ್ಯಾನದ ಗಿಡಗಳನ್ನು ನೋಡಿ ನೋಡಿಯೇ ದಟ್ಟ ಕಾಡುಗಳನ್ನು ಬರೆದ.

ಆದ್ದರಿಂದ ಮಗು ಮೊದಲು ಮನೆಯಲ್ಲಿರುವ ಒಂದು ವಸ್ತುವನ್ನೂ ಒಂದು ಪ್ರಾಣಿಯನ್ನೂ ಬೇರೆ ಬೇರೆ ಹಾಳೆಯಲ್ಲಿ ನೋಡಿ ಬರೆಯಲಿ. ಆಮೇಲೆ ಎರಡನ್ನೂ ಸೇರಿಸಲಿ. ಬಹುತೇಕ ಚಿತ್ರಗಳು ಕೆಡುವುದು ಈ ಸೇರುವೆಯಲ್ಲೇ. ಎರಡು ಭಾಗಗಳಿಗೂ ಬೆಳಕು ಒಂದೇ ಕಡೆಯಿಂದ ಬೀಳಬೇಕು, ಇಲ್ಲದಿದ್ದರೆ ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ. ಕಾಲಬುಡದಲ್ಲಿ ನೆರಳು ಹಾಕದಿದ್ದರೆ ಆಕೃತಿ ಗಾಳಿಯಲ್ಲಿ ತೇಲುತ್ತದೆ (ತೇಲಬೇಕೆಂದೇ ಬರೆದಿದ್ದರೆ ಆ ಮಾತು ಬೇರೆ).

ಏನೂ ಹೊಳೆಯದೆ ಕೂತ ಮಗುವಿಗೆ ಒಂದು ಆಟವಿದೆ. 1925ರ ಸುಮಾರಿಗೆ ಪ್ಯಾರಿಸ್ಸಿನ ಸರ್ರಿಯಲಿಸ್ಟರು, ಅಂದರೆ ಕನಸಿನಂಥ ವಿಚಿತ್ರಗಳನ್ನು ಕಲೆಗೆ ತಂದ ಕಲಾವಿದರು ಮತ್ತು ಬರಹಗಾರರು, ಆಡಿದ್ದು. ಹಾಳೆಯನ್ನು ಅಡ್ಡಡ್ಡವಾಗಿ ಮೂರು ಮಡಿಕೆ ಮಾಡಿ ಒಬ್ಬರು ತಲೆ, ಇನ್ನೊಬ್ಬರು ಹೊಟ್ಟೆ, ಮತ್ತೊಬ್ಬರು ಕಾಲು ಬರೆಯುವುದು, ಹಿಂದಿನವರು ಬರೆದದ್ದನ್ನು ನೋಡದೆ. ಕತ್ತಿನ ಎರಡು ಗೆರೆಗಳನ್ನು ಮಡಿಕೆಯಿಂದ 3 ಮಿಲಿಮೀಟರ್ ಕೆಳಕ್ಕೆ ಎಳೆದು ಕೊಡಿ. ಅದನ್ನು ಮರೆತರೆ ತಲೆ ಒಂದು ಕಡೆ, ದೇಹ ಒಂದು ಕಡೆ. ಅಜ್ಜಿ ತಾತಂದಿರನ್ನೂ ಕೂರಿಸಿಕೊಳ್ಳಿ.

ಕಾಗದ ಎ4 ಅಳತೆಯ, 200 ಜಿಎಸ್ಎಂ (ಚದರ ಮೀಟರಿಗೆ 200 ಗ್ರಾಂ ತೂಗುವ) ಕಾರ್ಟ್ರಿಜ್, ಅಂದರೆ ಚಿತ್ರ ಬರೆಯುವ ದಪ್ಪ ಹಾಳೆ, ಇರಲಿ. ತೆಳುವಾದ ಪ್ರಿಂಟರ್ ಹಾಳೆ ನೀರುಬಣ್ಣ ಬಿದ್ದ ಕೂಡಲೇ ಅಲೆಯೇಳುತ್ತದೆ. ನಾಲ್ಕೂ ಅಂಚಿಗೆ ಮಾಸ್ಕಿಂಗ್ ಟೇಪ್ ಹಚ್ಚಿ ರಟ್ಟಿಗೆ ಬಿಗಿಯಿರಿ, ಪೂರ್ತಿ ಒಣಗಿದ ಮೇಲಷ್ಟೇ ಬಿಡಿಸಿ. ಪೆನ್ನು ಯಾವುದಾದರೂ ಸರಿ, ಆದರೆ ಮೊದಲು ತುಂಡು ಕಾಗದದಲ್ಲಿ ಗೆರೆ ಎಳೆದು, ಒಣಗಿಸಿ, ಒದ್ದೆ ಬೆರಳಿನಿಂದ ಒರೆಸಿ ನೋಡಿ. ಹರಡಿದರೆ ಬಣ್ಣ ಮೊದಲು, ಗೆರೆ ಆಮೇಲೆ. ಮಳೆಯಿದ್ದರೆ ಒಣಗಲು ಇಡೀ ರಾತ್ರಿ ಬಿಡಿ. ಲ್ಯಾಮಿನೇಟ್ ಮಾಡಿಸಬೇಡಿ: ಬಿಸಿಗೆ ಮೇಣದ ಬಣ್ಣ ಕರಗುತ್ತದೆ, ಹೊಳಪಿಗೆ ಚಿತ್ರವೇ ಕಾಣುವುದಿಲ್ಲ. ಸುರುಳಿ ಸುತ್ತದೆ ಎರಡು ರಟ್ಟಿನ ನಡುವೆ ಇಟ್ಟು ಕಳಿಸಿ. ಹೆಸರು, ತರಗತಿ ಹಿಂಬದಿಯಲ್ಲಿ, ಪೆನ್ಸಿಲ್‌ನಲ್ಲಿ ಮಾತ್ರ. ಸ್ಕೆಚ್‌ಪೆನ್ ಮುಂಬದಿಗೆ ಸೋರುತ್ತದೆ.

ದೊಡ್ಡವರು ತಿದ್ದಿದ ಗೆರೆ ನಮಗೆ ಗೊತ್ತಾಗಿಬಿಡುತ್ತದೆ. ದಯವಿಟ್ಟು ಬೇಡ.

ಪ್ರದರ್ಶನದಲ್ಲಿರುವುದು ಮೂಲ ಚಿತ್ರಗಳು. ಬೆರಳಿನ ಜಿಡ್ಡು ಕಾಗದಕ್ಕೆ ಇಳಿದರೆ ಹೋಗದು. ಮುಟ್ಟಬಾರದೆಂದು ಮಕ್ಕಳಿಗೆ ಈಗಲೇ ಹೇಳಿಡಿ. ನೀರಿನ ಬಾಟಲಿ ಬಾಗಿಲಲ್ಲೇ ಇರಲಿ. ಬಿಸಿಲಿಗೆ ಬಣ್ಣ ಮಾಸುವುದರಿಂದ ಪರದೆ ಎಳೆದಿರುತ್ತೇವೆ, ಒಳಗೆ ಸ್ವಲ್ಪ ಮಬ್ಬಿರುತ್ತದೆ. ಪ್ರವೇಶ ಶುಲ್ಕವಿಲ್ಲ. ಮಕ್ಕಳ ಚಿತ್ರಗಳನ್ನು ಸೋಮವಾರ ತರಗತಿಯಲ್ಲೇ ಹಿಂದಿರುಗಿಸುತ್ತೇವೆ.

ಇಂತಿ,
ಮುಖ್ಯೋಪಾಧ್ಯಾಯರು